ನಮ್ಮ ಯಜಮಾನರ ಕೋಪಕ್ಕೆ ನಾನು ಡಾಕ್ಟರನ್ನು ಹುಡುಕಿದ್ದು

ನಮ್ಮ ಯಜಮಾನರ ಕೋಪವನ್ನು ನಾನು ಒಂದು ದಿನವೂ ಹಗುರವಾಗಿ ಕಂಡವಳಲ್ಲ. ಅದು ನಿಂತು ನೋಡುವಂಥದ್ದು. ಹಿತ್ತಲಲ್ಲಿ ಅವರು ಒಂದು ಸಲ ಗಂಟಲೆತ್ತಿದರೆ ತೆಂಗಿನ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಪಕ್ಕದವರ ತೋಟಕ್ಕೆ ಹೋಗಿ ಕೂರುತ್ತಿದ್ದವು. ಎಮ್ಮೆ ಆ ಹೊತ್ತು ಹಾಲು ಕೊಡುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಹೆಚ್ಚಾದರೆ ತಟ್ಟೆಯ ಜೊತೆಗೆ ಲೋಟವೂ. ಆದರೆ ಅನ್ನ ನೆಲಕ್ಕೆ ಬೀಳಬಾರದೆಂದು ಮೊದಲು ಅದನ್ನು ಪಾತ್ರೆಗೆ ಬಗ್ಗಿಸಿ, ಬರಿಯ ತಟ್ಟೆಯನ್ನಷ್ಟೇ ಎಸೆಯುತ್ತಿದ್ದರು. ಕೋಪದಲ್ಲೂ ಅಂಥ ಅಚ್ಚುಕಟ್ಟು!

ನಮ್ಮದು ಶೆಟ್ಟಿಕೆರೆ ಪಕ್ಕದ ಹಳ್ಳಿ. ತೋಟವಿದೆ, ಮನೆಯ ಅಗಲಕ್ಕೂ ಕೊಬ್ಬರಿ ಅಟ್ಟವಿದೆ. ಮದುವೆಯಾಗಿ ಬಂದಂದಿನಿಂದ ಈ ಕೋಪವೂ ಮನೆಯ ಒಂದು ಸಾಮಾನೆಂದೇ ನಾನು ತಿಳಿದಿದ್ದೆ. ಹೀಗಿರುವಾಗ ಒಂದು ದಿನ ತಿಪಟೂರಿನ ಬಸ್ಸಿನಲ್ಲಿ ಕಂಡಕ್ಟರು ಇವರನ್ನು ಸ್ವಲ್ಪ ಮುಂದಕ್ಕೆ ಹೋಗಿ ಎಂದ. ಮುಂದಕ್ಕೆ ಹೋಗುವ ವಿಚಾರದಲ್ಲಿ ಇವರು ಎಷ್ಟು ಕೂಗಾಡಿದರೆಂದರೆ ಮೂಗಿನಿಂದ ರಕ್ತ ಬಂದುಬಿಟ್ಟಿತು. ಅದೇ ಬಸ್ಸಿನಲ್ಲಿ ನೇರ ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಯಂತ್ರವನ್ನೇ ಒಮ್ಮೆ ತಟ್ಟಿ ನೋಡಿದರು.

ಇವರು ಅಂಗಿ ಹಾಕಿಕೊಳ್ಳುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ಮಾತ್ರೆ ಕೊಟ್ಟಿದ್ದೀನಮ್ಮ. ಆದ್ರೆ ಇವರು ಹಿಂಗೇ ಕೂಗಾಡ್ತಾ ಇದ್ರೆ ಒಂದಿನ ತಲೇಲಿ ನರ ಒಡೆದು ಬಿದ್ದುಬಿಡ್ತಾರೆ. ಮೊದಲು ಆ ಕೋಪಕ್ಕೆ ಔಷಧಿ ಮಾಡಿಸಿ” ಎಂದರು. ಬೆಂಗಳೂರಿನಲ್ಲಿ ಅದಕ್ಕೆಂದೇ ಒಬ್ಬ ಮನಸ್ಸಿನ ಡಾಕ್ಟರಿದ್ದಾರಂತೆ. ಸೂಜಿಯಿಲ್ಲ, ಕಷಾಯವಿಲ್ಲ, ಬರಿಯ ಮಾತಿನಲ್ಲೇ ವಾಸಿಮಾಡುತ್ತಾರಂತೆ. ನಾನು ಬೆರಗಾಗಿ ನಿಂತೆ. ನಮ್ಮ ಮನೆಯಲ್ಲಿ ಮಾತಿನಿಂದಲೇ ಕೋಪ ಹುಟ್ಟುವುದು. ಮಾತಿನಿಂದಲೇ ಅದನ್ನು ಇಳಿಸುವವರೂ ಭೂಮಿಯ ಮೇಲಿದ್ದಾರೆಯೆ!

ಆದರೆ ‘ನಿಮ್ಮ ಕೋಪಕ್ಕೆ ಡಾಕ್ಟರ ಹತ್ತಿರ ಹೋಗೋಣ’ ಎಂದು ಇವರಿಗೆ ಹೇಳುವವರು ಯಾರು? ಆ ಮಾತಿಗೇ ನರ ಒಡೆದರೆ? ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ಕಾಯಿಲೆ ನನಗೇ ಎಂದೆ. ತಲೆ ಸುತ್ತುತ್ತದೆ, ನಿದ್ದೆ ಹತ್ತುವುದಿಲ್ಲ, ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕಂತೆ ಎಂದು ಇವರಿಗೆ ಹೇಳಿದೆ. ಅಲ್ಲಿ ಒಳಗೆ ಒಬ್ಬಳೇ ಹೋಗಿ ನಿಜ ಹೇಳುವುದು, ಆಮೇಲೆ ಡಾಕ್ಟರೇ ಇವರನ್ನು ಕರೆದು ಮಾತಾಡುವುದು, ಇವರಿಗೆ ತಿಳಿಯುವುದರೊಳಗೆ ಕೋಪ ವಾಸಿಯಾಗುವುದು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಎಮ್ಮೆ ನೋಡಿಕೊಳ್ಳಲು ಹೇಳಬೇಕಿತ್ತಲ್ಲ, ಪಕ್ಕದ ಮನೆಯ ಸರ್ವಮಂಗಳಳಿಗೆ ಮನಸ್ಸಿನ ಡಾಕ್ಟರ ವಿಚಾರವನ್ನು ಗುಟ್ಟಾಗಿ ಹೇಳಿದೆ. ಯಾರ ಕಾಯಿಲೆ ಎಂಬುದನ್ನು ಮಾತ್ರ ಅವಳಿಗೂ ಬಿಡಿಸಿ ಹೇಳಲಿಲ್ಲ. ಸಂಜೆಯ ಹೊತ್ತಿಗೆ ನನಗೆ ತಲೆ ಕೆಟ್ಟಿದೆಯೆಂದು ಊರಿಗೆಲ್ಲ ಗೊತ್ತಾಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು, ದೂರದಲ್ಲೇ ಕೂತು, ನನ್ನ ಕೈಗೆ ಸಿಗುವಂತಿದ್ದ ಈಳಿಗೆಮಣೆಯನ್ನು ಸದ್ದಿಲ್ಲದೆ ಆಚೆಗೆ ಸರಿಸಿ ಹೋದರು. ಸುದ್ದಿ ಇವರ ಕಿವಿಗೂ ಬಿತ್ತು. ಮುಖ ಸಪ್ಪಗಾಯಿತು.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇವರು ಮೃದುವಾಗಿಬಿಟ್ಟರು. ತಿಪಟೂರಿನಲ್ಲಿ ರೈಲು ಹತ್ತುವಾಗ ನನ್ನ ಕೈ ಹಿಡಿದುಕೊಂಡರು. ಗುಬ್ಬಿ ದಾಟಿದ ಮೇಲೆ ಒಬ್ಬಾತ ಇವರ ಕಾಲು ತುಳಿದ. ನಾನು ಕಣ್ಣು ಮುಚ್ಚಿಕೊಂಡೆ. ಇವರು “ಇರಲಿ ಬುಡಪ್ಪ” ಎಂದರು! ಆ ಎರಡು ಮಾತು ಕೇಳಿ ನನಗೆ ನಿಜವಾಗಿಯೂ ತಲೆ ಸುತ್ತಿತು. ಜೊತೆಗೆ ಹೊಸ ಚಿಂತೆಯೂ ಹತ್ತಿಕೊಂಡಿತು. ಇಷ್ಟು ಸಾಧುವಾದ ಮನುಷ್ಯನನ್ನು ಕರೆದುಕೊಂಡು ಹೋಗಿ ಕೋಪಿಷ್ಠ ಎಂದರೆ ಯಾವ ಡಾಕ್ಟರು ನಂಬಿಯಾರು?

ಆಸ್ಪತ್ರೆ ಆಸ್ಪತ್ರೆಯಂತಿರಲಿಲ್ಲ. ಮುಂದುಗಡೆ ಮಲ್ಲಿಗೆ ಬಳ್ಳಿ, ಒಳಗೆ ಬೆತ್ತದ ಕುರ್ಚಿ. ಕಾದು ಕೂತವರಲ್ಲಿ ಕೆಮ್ಮುವವರಿಲ್ಲ, ನರಳುವವರಿಲ್ಲ; ಪಿನಾಯಿಲ್ ವಾಸನೆ ಕೂಡ ಇಲ್ಲ. ನನ್ನ ಹೆಸರು ಕರೆದಾಗ ಒಬ್ಬಳೇ ಎದ್ದೆ. ಇವರೂ ಎದ್ದರು. ಇಲ್ಲೇ ಇರಿ ಎಂದರೆ ಕೇಳಲಿಲ್ಲ. ಇಂಥ ಸ್ಥಿತಿಯಲ್ಲಿ ನಿನ್ನೊಬ್ಬಳನ್ನೇ ಒಳಗೆ ಬಿಡುವುದುಂಟೆ ಎಂದು, ಡಾಕ್ಟರಿಗೆಂದು ನಾವು ತಂದಿದ್ದ ಕಾಯಿಯ ಚೀಲವನ್ನು ಹೊತ್ತುಕೊಂಡು ನನ್ನ ಹಿಂದೆಯೇ ಬಂದು ಪಕ್ಕದಲ್ಲಿ ಕೂತರು.

ನನ್ನ ಉಪಾಯ ಅಲ್ಲಿಗೆ ಮುಗಿದಿತ್ತು. ಆದರೂ ಧೈರ್ಯಗೆಡಲಿಲ್ಲ. ಇವರ ಕೋಪವನ್ನೆಲ್ಲ ನನ್ನದೆಂದು ಹೇಳೋಣ, ಓದಿದವರಲ್ಲವೆ, ಡಾಕ್ಟರು ತಾವೇ ತಿಳಿದುಕೊಳ್ಳುತ್ತಾರೆ ಎಂದುಕೊಂಡೆ. ಸಾರಿಗೆ ಉಪ್ಪು ಕಡಿಮೆಯಾದರೆ ನಾನು ತಟ್ಟೆ ಎಸೆಯುತ್ತೇನೆ ಎಂದೆ. ಬಸ್ಸಿನಲ್ಲಿ ಕಂಡಕ್ಟರ ಮೇಲೆ ಎಗರಾಡಿ ಮೂಗಿನಲ್ಲಿ ರಕ್ತ ಬರಿಸಿಕೊಂಡೆ ಎಂದೆ. ಕಾಯಿ ಕೀಳುವವನನ್ನು ಮರ ಇಳಿಯುವುದಕ್ಕೆ ಬಿಡದೆ ಕೆಳಗೆ ನಿಂತು ಬೈದೆ ಎಂದೆ. ಹೇಳುತ್ತಾ ಹೇಳುತ್ತಾ ಹುಬ್ಬಿನಲ್ಲೇ ಇವರ ಕಡೆ ತೋರಿಸಿದೆ. ಡಾಕ್ಟರು ನನ್ನ ಹುಬ್ಬನ್ನೇ ನೋಡಿ ಏನೋ ಬರೆದುಕೊಂಡರು.

ಇವರು ಕಣ್ಣು ತುಂಬಿಕೊಂಡು ಮುಂದಕ್ಕೆ ಬಾಗಿದರು. “ಡಾಕ್ಟ್ರೇ, ಪಾಪ, ಇವಳಿಗೆ ಏನೂ ಗ್ಯಾನ ಇಲ್ಲ. ಅವೆಲ್ಲ ಮಾಡಿದ್ದು ನಾನು. ಇವಳು ಇರುವೇನೂ ತುಳಿಯೋಳಲ್ಲ.”

ನೋಡಿ, ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಒಪ್ಪಿಕೊಳ್ಳದ್ದನ್ನು ಇವರು ಹೀಗೆ ಒಂದೇ ಉಸಿರಿಗೆ ಒಪ್ಪಿಕೊಂಡರು, ಅದೂ ನನಗೆ ಹುಚ್ಚು ಎಂಬುದಕ್ಕೆ ಸಾಕ್ಷಿಯಾಗಿ!

ಡಾಕ್ಟರು ಯಾರನ್ನೂ ಅಲ್ಲಗಳೆಯಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ನೀವು ತಿಪಟೂರು ಕಡೆಯವರಲ್ಲವೆ, ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಕೇಳಿದರು. ಅದಕ್ಕೇನು, ಹೇಳಿದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಬೇಕು. ವರ್ಷ ತುಂಬುವವರೆಗೂ ಮುಟ್ಟಕೂಡದು. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಒಣಗಿದ ಕೊಬ್ಬರಿ ಗಿಟಕು ಚಿಪ್ಪಿನೊಳಗೆ ಲೊಡಲೊಡ ಎನ್ನಬೇಕು. ಆಮೇಲೆಯೇ ಇಳಿಸಿ ಸುಲಿಯುವುದು. ಅಷ್ಟು ದಿನವೂ ಕೆಳಗೆ ಹೊಗೆ ಹಾಕುವವಳು ನಾನು, ಇಲಿ ಕಾಯುವವಳು ನಾನು.

“ಮೊದಲೇ ಇಳಿಸಿದ್ರೆ?” ಎಂದು ಡಾಕ್ಟರು ಕೇಳಿದರು.

ಕೇಳಬಾರದಿತ್ತು.

ಹೋದ ವರ್ಷ ಇವರು ಮೊದಲೇ ಇಳಿಸಿದ್ದರು. ರೇಟು ಏರಿದೆಯೆಂದು ಯಾರೋ ಹೇಳಿದ್ದೇ ತಡ, ನೀರು ಇಂಗುವ ಮೊದಲೇ ಅಟ್ಟಕ್ಕೆ ಏಣಿ ಹಾಕಿದರು. ಬೇಡ ಎಂದು ನಾನು ಏಣಿ ಹಿಡಿದು ನಿಂತೆ. ನನ್ನ ಮೇಲೇ ಕೂಗಿ ಕಾಯಿ ಇಳಿಸಿದರು. ಒಡೆದರೆ ಅರ್ಧಕ್ಕರ್ಧ ಕಾಯಿಯಲ್ಲಿ ನೀರು; ಕೊಬ್ಬರಿ ಚಿಪ್ಪಿಗಂಟಿ ಚೂರುಚೂರಾಗಿ ಬಂತು, ವಾರದಲ್ಲಿ ಬೂಸಲು ಹಿಡಿಯಿತು. ಅದಾದರೂ ಹೋಗಲಿ. ತಿಪಟೂರಿನ ಮಂಡಿಯಲ್ಲಿ ನಾಲ್ಕು ಜನ ನಗುವಾಗ ಇವರು ಏನೆಂದರು ಗೊತ್ತೆ? ‘ಹೆಂಡ್ತಿ ಮಾತು ಕೇಳಿ ಕೆಟ್ಟೆ’ ಎಂದರಂತೆ!

ಇಷ್ಟನ್ನು ನಾನು ಡಾಕ್ಟರಿಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ನಾನು ಎದ್ದು ನಿಂತಿದ್ದೆ, ಇವರ ಕಡೆ ತಿರುಗಿದ್ದೆ. ನನ್ನ ಬಾಯಿಂದ ಬರುತ್ತಿದ್ದ ದನಿ ಯಾರದೆಂದು ನನಗೇ ತಿಳಿಯಲಿಲ್ಲ. “ಯಾರ ಮಾತು ಕೇಳಿ ಕೆಟ್ರೀ? ಹೇಳ್ರೀ! ಏಣಿ ಹಿಡ್ಕಂಡು ನಿಂತಿದ್ದೋಳು ಯಾರು?” ಎಂದು ಶುರುವಾದದ್ದು, ನಮ್ಮ ಮದುವೆಯ ಊಟದಲ್ಲಿ ನನ್ನ ತಮ್ಮನಿಗೆ ಎಲೆ ಹಾಕಿಸಲು ಮರೆತದ್ದರವರೆಗೂ ಹೋಯಿತು. ಕಾಯಿಯ ಚೀಲ ಉರುಳಿತು. ಕಾಯಿಗಳು ಡಾಕ್ಟರ ಕುರ್ಚಿಯ ಕೆಳಗೆ ಹೋದವು. ಬಾಗಿಲಲ್ಲಿ ಒಬ್ಬ ನರ್ಸು ಇಣುಕಿ ಹಾಗೇ ಹಿಂದಕ್ಕೆ ಹೋದಳು.

ಇವರು ಚೀಲದ ಬಾಯಿ ಹಿಡಿದುಕೊಂಡು, ಮೊದಲ ಸಲ ರೈಲು ನೋಡಿದವರ ಹಾಗೆ ನನ್ನನ್ನು ನೋಡುತ್ತಿದ್ದರು.

ನಾನು ನಿಲ್ಲಿಸಿದ ಮೇಲೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಒಂದು ಲೋಟ ನೀರು ಕೊಟ್ಟರು. ಇವರಿಗೆ ಮಾತ್ರ ಒಂದು ಅಪ್ಪಣೆ ಕೊಟ್ಟರು. “ವಾರಕ್ಕೊಂದು ಮಧ್ಯಾಹ್ನ ನೀವು ಇವರ ಎದುರಿಗೆ ಕೂತ್ಕೊಳ್ಳಿ. ಇವರು ಮನಸ್ಸಿನಲ್ಲಿರೋದನ್ನ ಹೇಳ್ಲಿ. ನೀವು ಎದುರು ಮಾತಾಡ್ಬೇಡಿ, ಕೇಳಿ. ಇಬ್ಬರಿಗೂ ಇದೇ ಔಷಧಿ.”

ನಮ್ಮವರು ಕೋಪಿಷ್ಠರಾದರೂ ಡಾಕ್ಟರ ಮಾತನ್ನು ಮೀರುವವರಲ್ಲ. ಪ್ರತಿ ಸೋಮವಾರ ಊಟವಾದ ಮೇಲೆ ಟವೆಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ನಡುಮನೆಯಲ್ಲಿ ಕೂತು “ಹೂಂ, ಶುರು ಮಾಡು” ಎನ್ನುತ್ತಿದ್ದರು. ಹೀಗೆ ಕೇಳಿದರೆ ಬೈಗುಳ ಬರುತ್ತದೆಯೆ? ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಇವರೇ ನೆನಪು ಮಾಡಿಕೊಡುತ್ತಿದ್ದರು: “ನಿನ್ನ ಕೇಳದೆ ಆ ಕರೀ ಹಸ ಮಾರಿದ್ನಲ್ಲೇ, ಅದನ್ನ ಹೇಳು.” ಆಗ ನನಗೆ ನೆನಪಾಗಿ ಒಂದಿಷ್ಟು ಬರುತ್ತಿತ್ತು. ಇವರು ತಲೆತಗ್ಗಿಸಿ ಕೇಳುತ್ತಿದ್ದರು. ಉಳಿದ ದಿನಗಳಲ್ಲಿ ಇವರ ಗಂಟಲು ಏರುವ ಮೊದಲೇ ನನ್ನ ಮುಖ ನೋಡಿ ಇಳಿಯುತ್ತಿತ್ತು. ಕಾಗೆಗಳು ನಮ್ಮ ಮರದಲ್ಲೇ ಸಂಸಾರ ಹೂಡಿದವು. ತಿಪಟೂರಿನ ಡಾಕ್ಟರು ಪಟ್ಟಿ ಕಟ್ಟಿ ನೋಡಿ, ಮಾತ್ರೆ ಅರ್ಧ ಮಾಡಿ, ಬೆಂಗಳೂರಿನವರು ಅಂಥ ಏನು ಔಷಧಿ ಕೊಟ್ಟರೆಂದು ಕೇಳಿದರು. “ಇವಳ ಕೋಪ ಸಾರ್. ಅದರ ಮುಂದೆ ನಂದೇನೂ ಅಲ್ಲ” ಎಂದು ಇವರು ಎದೆಯುಬ್ಬಿಸಿ ಹೇಳಿದರು. ಆಮೇಲೆ ಬಸ್ಸಿನಲ್ಲಿ ಹೇಳಿದರು. ಹಿಟ್ಟಿನ ಗಿರಣಿಯಲ್ಲಿ ಹೇಳಿದರು.

ಅದರ ಫಲವಾಗಿ ಒಂದು ದಿನ ಸರ್ವಮಂಗಳ ತನ್ನ ಗಂಡ ಚನ್ನಬಸಪ್ಪನನ್ನು ಎಳೆದುಕೊಂಡು ಬಂದಳು. “ಅಕ್ಕಾ, ಇವರದೂ ಅತೀ ಆಗೈತೆ. ಒಂದ್ಸಲ ಬೈದು ಕೊಡಿ” ಎಂದಳು. ಆತ ಕೈಕಟ್ಟಿಕೊಂಡು ಕೂತ. ನಮ್ಮವರು ಹಳೆಯ ರೋಗಿಯ ಗತ್ತಿನಲ್ಲಿ ಪಕ್ಕದಲ್ಲಿ ಕೂತು, “ಮೊದಮೊದಲು ಎದೆ ಹೊಡ್ಕತದೆ ಕಣಪ್ಪ, ಆಮೇಲೆ ರೂಢಿ ಆಯ್ತದೆ” ಎಂದು ಧೈರ್ಯ ಹೇಳಿದರು.

ಮೂವರೂ ನನ್ನ ಬಾಯಿ ನೋಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಉಸಿರು ಎಳೆದುಕೊಂಡೆ. ಪರರ ಗಂಡನನ್ನು ಬೈಯುವುದು ಅಷ್ಟು ಸುಲಭವಲ್ಲ.

“ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಣ್ಣ?” ಎಂದೆ.

ಚನ್ನಬಸಪ್ಪ ಎರಡು ಲೋಟ ಕಾಫಿ ಕುಡಿದ. ಇಂಥ ಸಾಧು ಹೆಣ್ಣುಮಗಳ ಮೇಲೆ ಊರವರು ಏನೇನೋ ಕಟ್ಟುತ್ತಾರಲ್ಲ ಎಂದು ಮರುಕಪಟ್ಟು, ಹೆಂಡತಿಯನ್ನು ದಾರಿಯುದ್ದಕ್ಕೂ ಗದರುತ್ತಾ ಮನೆಗೆ ಹೋದ. ನಮ್ಮವರು ಕೂತಲ್ಲಿಂದ ಏಳಲೇ ಇಲ್ಲ. ಮಾತಾಡಿದಾಗ ದನಿಯಲ್ಲಿ ಕೋಪವಿರಲಿಲ್ಲ, ಬರಿಯ ನೋವಿತ್ತು.

“ಇಡೀ ಊರಿನ ಮುಂದೆ ಎಷ್ಟು ಹೊಗಳಿದ್ದೆ ಕಣೇ” ಎಂದರು. “ಮಾನ ಕಳೆದುಬುಟ್ಟೆ.”