ನಮ್ಮ ನೆಗೆಣ್ಣಿಯ ಥಂಡಿ ಸೂಟು

ಸೇಡಂನಲ್ಲಿ ಚಳಿಗಾಲ ಶುರುವಾಗುವುದು ಪಂಚಾಂಗ ನೋಡಿ ಅಲ್ಲ, ನನ್ನ ನೆಗೆಣ್ಣಿ ಉಣ್ಣೆಯ ಸಲ್ವಾರ್ ಸೂಟು ತೊಟ್ಟ ದಿನ! ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಈ ಕಲ್ಲುಗಣಿ, ಸಿಮೆಂಟಿನ ಸೀಮೆಯಲ್ಲಿ ಚಳಿ ಇರುವುದೇ ಬೆಳಗಿನ ಚಹಾ ಆರುವ ತನಕ. ಇವರ ಸೂಟು ಮಾತ್ರ ದೀಪಾವಳಿಗೆ ಮೈಯೇರಿದರೆ ಶಿವರಾತ್ರಿಗೇ ಇಳಿಯುವುದು.

“ಅಕ್ಕಾ, ಶೆಕಿ ಆಗಲ್ಲೇನ್ರಿ?”

“ಶೆಕಿ ಆಗೋದು ಮೈಗಿ. ಮಂದಿ ನೋಡೋದು ಸೂಟಿಗಿ!”

ನೋಡುತ್ತಾರೆ, ಅದೇ ನನ್ನ ಹೊಟ್ಟೆಯುರಿ. ಆ ಸೂಟಿನ ಅಂಚಿಗೆಲ್ಲ ಅವರೇ ಎಳೆ ಎಣಿಸಿ ಹಾಕಿದ ಕಸೂತಿ: ಗೋಪುರ, ಆನೆ, ನವಿಲು. ನಾನೋ ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಕಂಡವಳು. ಎಮ್ಮೆ ಕಾಯುತ್ತ ಓದಿ ಎಂ.ಎ. ಮಾಡಿದವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವರು ಎರಡನೇ ಇಯತ್ತೆಗೇ ಪಾಟಿ ಒಗೆದವರು. ಆದರೆ ಚಿಂಚೋಳಿಯ ಮದುವೆಗೆ ಹೋದರೆ ಹೆಂಗಸರು ಮುತ್ತಿಕೊಳ್ಳುವುದು ಯಾರನ್ನು? ನನ್ನ ಎಂ.ಎ.ಯನ್ನು ಮುಟ್ಟಿ ನೋಡಿದವರು ಒಬ್ಬರಾದರೂ ಇದ್ದಾರೆಯೇ?

ಕಳೆದ ಡಿಸೆಂಬರಿನಲ್ಲಿ ನನ್ನ ದಿನ ಬಂತು. ಆದಿತ್ಯನಗರದ ಮಹಿಳೆಯರು ‘ಸಾಂಪ್ರದಾಯಿಕ ವಸ್ತ್ರಗಳ ಪರಂಪರೆ’ ಕುರಿತು ಮಾತಾಡಲು ಕರೆದರು. ಈ ಸಲವಾದರೂ ಜನ ನನ್ನನ್ನು ನೋಡಬೇಕು! ವಾರವೆಲ್ಲ ಓದಿದೆ, ಟಿಪ್ಪಣಿ ಮಾಡಿಕೊಂಡೆ, ಹೊಸ ಕಸೂತಿ ಸೀರೆಯನ್ನೇ ಉಟ್ಟೆ. ಅಕ್ಕ ಕರೆಯದೆಯೇ ಸೂಟು ತೊಟ್ಟು ಹೊರಟರು, ಮುಂದಿನ ಸಾಲಿನಲ್ಲಿ ಕೂತರು.

ಇಳಕಲ್, ಖಣ, ಕೌದಿ ಎಲ್ಲ ದಾಟಿ ಬಂದು ನನ್ನ ಸೆರಗನ್ನೇ ಎತ್ತಿ ಹಿಡಿದೆ. “ಇದು ಅಪ್ಪಟ ಕೈಕಸೂತಿ. ಎರಡೂ ಮಗ್ಗುಲು ಒಂದೇ ಸಮ, ಎಲ್ಲೂ ಗಂಟಿಲ್ಲ.”

ಅಕ್ಕ ಎದ್ದು ಬಂದು ಸೆರಗನ್ನು ತಿರುವಿದರು.

“ಯವ್ವಾ, ಗಂಟಿನ ಸಂತೀನೇ ಕೂಡ್ಯಾದಲ್ಲ ಇಲ್ಲಿ! ಮಶೀನಿಂದು ಅದ ಇದು. ಅಂಗಡಿಯಾಂವ ಟೀಚರಿಗೇ ಟೋಪಿ ಹಾಕ್ಯಾನ!”

ಸಭೆಯೆಲ್ಲ ನಗು. ಆಮೇಲೆ ಎಲ್ಲರೂ ಅವರ ಸೂಟಿನ ಅಂಚು ತಿರುವಿ ತಿರುವಿ ನೋಡುವುದರಲ್ಲಿ ಮುಳುಗಿದರು. ಉಳಿದ ಭಾಷಣವನ್ನು ನಾನು ಮೈಕಿಗೇ ಹೇಳಿ ಮುಗಿಸಿದೆ.

ಮರುದಿನ ಸೂಟು ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಒಂದೇ ಒಂದು ಗಂಟು ಸಿಕ್ಕರೆ ಸಾಕು, ಜೀವ ತಣ್ಣಗಾಗುತ್ತದೆ ಎಂದು ಕನ್ನಡಕ ಏರಿಸಿ ತಡಕಿದೆ. ಗಂಟು ಸಿಗಲಿಲ್ಲ. ಆನೆ, ನವಿಲುಗಳ ನಡುವೆ, ಇಷ್ಟು ದಿನ ನಾನು ಬಳ್ಳಿ ಎಂದುಕೊಂಡಿದ್ದ ಸಾಲಿನಲ್ಲಿ ಅಕ್ಷರ ಸಿಕ್ಕವು. ನನ್ನ ಹೆಸರು. ಅದರ ಮುಂದೆ ‘ಎಂ.ಎ.’ ಅಲ್ಲ, ‘ಎಂ.ಎಂ.’

ಹಿಟ್ಟಿನ ಕೈಯಲ್ಲೇ ಅಕ್ಕ ಬಾಗಿಲಿಗೆ ಬಂದರು.

“ನಿನ್ನ ಪುಸ್ತಕದ ಮ್ಯಾಲ ನೋಡಿ ತೆಗದೀನಿ. ಮದುವ್ಯಾಗ ಎಲ್ಲಾರಿಗೂ ಇದೇ ತೋರಸ್ತೀನಿ, ನಮ್ಮ ಮನ್ಯಾಗ ಎಂಎ ಓದಿದಾಕಿ ಅದಾಳಂತ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಅಕ್ಷರ ಎಲ್ಲ ಮರತೀನಿ ನೋಡು. ತಪ್ಪಗಿಪ್ಪ ಆಗ್ಯಾದೇನು?”

ಮಕ್ಕಳು ಒಂದು ಕೊಂಬು ಬಿಟ್ಟರೂ ಕೆಂಪು ಶಾಯಿ ಎಳೆಯುವ ಕೈ ನನ್ನದು. ಆ ಅಂಚನ್ನು ಮೆಲ್ಲಗೆ ನೀವಿದೆ.

“ಇಲ್ರಿ ಅಕ್ಕಾ. ಬರೋಬ್ಬರಿ ಅದ.”