ಬನಶಂಕರಿ ದಾಟದ ಇಂಜಿನ್ ಮಹಾಶಯರಿಗೆ

ಜಯನಗರ ನಾಲ್ಕನೇ ಬ್ಲಾಕ್,
ಬೆಂಗಳೂರು.
2ನೇ ಮಾರ್ಚ್ 1964

ಶ್ರೀಮಾನ್ ಇಂಜಿನ್ ಮಹಾಶಯರ ಸನ್ನಿಧಾನಕ್ಕೆ,
ಬಾನೆಟ್ಟಿನ ಒಳಗೆ, ನಮ್ಮ ಮನೆ ಪಕ್ಕದ ತಗಡಿನ ಷೆಡ್ಡು.

ಮಾನ್ಯರೇ,

ತಮ್ಮ ಪಾದಗಳು ಯಾವ ಕಡೆ ಇವೆಯೆಂದು ಇಂದಿಗೂ ಗೊತ್ತಾಗದ ಕಾರಣ ನಾಲ್ಕು ಸಿಲಿಂಡರುಗಳಿಗೂ ಒಂದೊಂದು ನಮಸ್ಕಾರ ಸಲ್ಲಿಸಿ, ತಮ್ಮ ಪರಿವಾರದ ರೇಡಿಯೇಟರ್, ಫ್ಯಾನ್ ಬೆಲ್ಟ್ ಮುಂತಾದವರ ಕುಶಲವನ್ನೂ ವಿಚಾರಿಸಿ, ಚನ್ನಬಸವಯ್ಯನಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ, ಕೊನೆಗೆ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದ ನನಗೆ ಮೇಲಿನವರ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂಬುದು ತಿಳಿಯದ ವಿಷಯವಲ್ಲ. ಇದಕ್ಕೂ ಮೊದಲು ತಮಗೆ ಬಾಯಿಮಾತಿನಲ್ಲಿ ಹಲವು ಸಲ, ಕೈ ಮುಗಿದು ಎರಡು ಸಲ, ಮತ್ತು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಕಾಲಿನಿಂದ ಒಂದು ಸಲ ಮನವಿ ಸಲ್ಲಿಸಿದ್ದೇನೆ. ಯಾವುದಕ್ಕೂ ಉತ್ತರ ಬಾರದ ಕಾರಣ ಈ ಬಹಿರಂಗ ಪತ್ರ ಬರೆಯಬೇಕಾಗಿ ಬಂದಿದೆ.

ತಮ್ಮನ್ನು ನಾನು ಷೋಕಿಗೆ ಕೊಂಡವನಲ್ಲ. ನನ್ನ ಹೆಂಡತಿ ಸರ್ವಮಂಗಳೆಗೆ ಬಸ್ಸು ಆಗುವುದಿಲ್ಲ. ಬಸ್ಸು ಹೊರಡುವುದಕ್ಕೂ ಮೊದಲೇ, ಆ ವಾಸನೆಗೇ ತಲೆ ತಿರುಗಿ ಹೊಟ್ಟೆ ತೊಳಸಲು ಶುರುವಾಗುತ್ತದೆ. ಅವಳ ಒಬ್ಬಳೇ ಅಕ್ಕ ಕಮಲಾದೇವಿಯವರು ಇಪ್ಪತ್ತು ಮೈಲಿ ಆಚೆ ಹಾರೋಹಳ್ಳಿಯಲ್ಲಿ ಮಗ ಏಕಾಂತಯ್ಯನ ಸಂಸಾರದ ಜೊತೆ ಇದ್ದಾರೆ. ಅಕ್ಕತಂಗಿಯರು ಮುಖ ನೋಡಿ ಆರು ವರ್ಷವಾಗಿತ್ತು. ಹೋದ ದಸರೆಯ ಹೊತ್ತಿಗೆ ಏಕಾಂತಯ್ಯನ ಕಾರ್ಡು ಬಂತು: "ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ, ಚಿಕ್ಕಮ್ಮನ ಮುಖ ಕಾಣುವಷ್ಟು ಬೆಳಕು ಇರುವಾಗಲೇ ಕರೆದುಕೊಂಡು ಬನ್ನಿ." ಆ ವಾರವೇ ನಾನು ಬಸವನಗುಡಿಯ ಅನಂತರಾಮು ಎಂಬ ವಕೀಲರಿಂದ ತಮ್ಮನ್ನು ಕೊಂಡೆ. ತಾವು ಯಾವ ಕಂಪನಿಯ ಕುಲದವರೆಂದು ಬರೆಯುವುದಿಲ್ಲ, ದೊಡ್ಡ ಮನೆತನದ ಮರ್ಯಾದೆಯ ಪ್ರಶ್ನೆ. ವಕೀಲರು ಮಾತ್ರ "ಸ್ವಲ್ಪ ಬಿಸಿ ಸ್ವಭಾವ, ಅಷ್ಟೇ" ಎಂದು ನಗುತ್ತಾ ಬೀಗದ ಕೈ ಕೊಟ್ಟರು. ಆ ನಗುವಿನ ಅರ್ಥ ನನಗೆ ಹೊಳೆಯಲು ಹದಿನೈದು ದಿನ ಬೇಕಾಯಿತು.

ತಮ್ಮ ಬಿಸಿಯ ಗುಣಗಾನ ಮಾಡದೆ ಮುಂದೆ ಹೋದರೆ ಕೃತಘ್ನನಾಗುತ್ತೇನೆ. ಮಾರ್ಕೆಟ್ಟಿಗೆ ಹೋಗಿಬಂದರೆ ಸಾಕು, ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಅಂಜನಮ್ಮನವರ ಸಂಡಿಗೆ ಒಂದೇ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ, ಅವರು ಸಂಡಿಗೆ ಇಡುವ ದಿನ ನೋಡಿಕೊಂಡು "ಇವತ್ತು ಎಲ್ಲಿಗೂ ಹೋಗಲ್ವಾ ಸಾರ್?" ಎಂದು ಬಹಳ ಕಾಳಜಿಯಿಂದ ವಿಚಾರಿಸುತ್ತಾರೆ. ಡಿಸೆಂಬರಿನ ಚಳಿಯಲ್ಲಿ ಬೀದಿಯ ಬೆಕ್ಕುಗಳೆಲ್ಲ ತಮ್ಮ ಆಶ್ರಯದಲ್ಲಿದ್ದವು. ನನ್ನ ಬಲಗಾಲಿನ ವಾತ, ಮೂರು ವೈದ್ಯರ ತೈಲಕ್ಕೆ ಬಗ್ಗದಿದ್ದದ್ದು, ತಮ್ಮ ಪೆಡಲಿನ ಮೇಲೆ ಕಾಲಿಟ್ಟ ಒಂದು ತಿಂಗಳಿಗೆ ಹೇಳದೆ ಕೇಳದೆ ಹೊರಟುಹೋಯಿತು. ಷೂಸಿನ ಅಟ್ಟೆಯೂ ಹೋಯಿತೆನ್ನುವುದು ಬೇರೆ ಮಾತು.

ಇಷ್ಟೆಲ್ಲ ಪರೋಪಕಾರಿಯಾದ ತಾವು ಕನಕಪುರದ ರಸ್ತೆಯಲ್ಲಿ ಮಾತ್ರ ಬನಶಂಕರಿ ದೇವಸ್ಥಾನದಿಂದ ಮುಂದೆ ಒಂದು ಅಡಿಯನ್ನೂ ಇಡಲಿಲ್ಲವಲ್ಲ, ಅದೇ ನನ್ನ ದೂರು. ದೀಪಾವಳಿ ಕಳೆದ ಮೇಲೆ ಮೊದಲ ಸಲ ಹೊರಟೆವು. ಸರ್ವಮಂಗಳಾ ಅಕ್ಕನಿಗೆಂದು ಕರ್ಜಿಕಾಯಿ ಮಾಡಿ ಡಬ್ಬಿ ತುಂಬಿದ್ದಳು. ದೇವಸ್ಥಾನದ ಎದುರಿಗೆ ತಾವು ಬುಸ್ಸೆಂದು ಹೊಗೆಯೆಬ್ಬಿಸಿ ನಿಂತಿರಿ. ಎರಡನೆಯ ಸಲವೂ ಅಲ್ಲಿಯೇ, ಮೂರನೆಯ ಸಲವೂ ಅಲ್ಲಿಯೇ, ಸಂಕ್ರಾಂತಿಗೆ ನಾಲ್ಕನೆಯ ಸಲವೂ ಅಲ್ಲಿಯೇ. ಹೇಗೂ ನಿಂತಿದ್ದೇವಲ್ಲ ಎಂದು ಪ್ರತಿ ಸಲವೂ ಒಳಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಿದ್ದೆವು. ನಾಲ್ಕನೆಯ ಸಲಕ್ಕೆ ಅರ್ಚಕರು ನಮ್ಮ ಭಕ್ತಿಯನ್ನು ಮೆಚ್ಚಿ ಇತರರಿಗೆ ತೋರಿಸಿ ಕೊಂಡಾಡಿದರು. ಬಾಗಿಲಲ್ಲಿ ಕಾಯಿ ಮಾರುವ ಸೊಣ್ಣಮ್ಮ, ನಮ್ಮ ಕಾರಿನ ಸದ್ದು ದೂರದಿಂದ ಕೇಳಿದ ಕೂಡಲೇ ಒಂದು ಕೊಡ ನೀರು ಎತ್ತಿಟ್ಟುಕೊಂಡು, "ಬಂದ್ರಾ ಸಾಮಿ, ಕುದೀತಾ?" ಎಂದು ನೆಂಟರನ್ನು ಕಂಡಂತೆ ಕೇಳುತ್ತಿದ್ದಳು. ವಾಪಸು ಬಂದು ಕರ್ಜಿಕಾಯಿಯನ್ನು ನಾನೊಬ್ಬನೇ ತಿಂದೆ. ಸರ್ವಮಂಗಳಾ ಒಂದನ್ನೂ ಮುಟ್ಟಲಿಲ್ಲ.

ಈ ನಡುವೆ ಹಾರೋಹಳ್ಳಿಯಿಂದ ಕಾರ್ಡುಗಳು ಬರುತ್ತಲೇ ಇದ್ದವು. ಅಮ್ಮನಿಗೆ ಪಂಚಾಂಗದ ಅಕ್ಷರ ಕಾಣುವುದಿಲ್ಲ ಎಂದು ಒಂದು. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿದ್ದಾರೆ ಎಂದು ಇನ್ನೊಂದು. ಜನವರಿಯ ಕಾರ್ಡಿನಲ್ಲಿ, ಹತ್ತಿರ ಬಂದು ನಿಂತರೆ ಮಾತ್ರ ಗುರುತು ಹಿಡಿಯುತ್ತಾರೆ ಎಂದಿತ್ತು. ಸರ್ವಮಂಗಳಾ ಆ ಕಾರ್ಡನ್ನು ಓದಿ, ನಡುಮನೆಯ ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ನೋಡಿಕೊಂಡಳು. ತಾವು ಆಗ ಷೆಡ್ಡಿನಲ್ಲಿ ತಣ್ಣಗೆ ನಿದ್ದೆ ಹೊಡೆಯುತ್ತಿದ್ದಿರಿ.

ತಮ್ಮ ಶಾಖವನ್ನು ಇಳಿಸಲು ನಾವು ಮಾಡದ ಸೇವೆ ಯಾವುದು? ಬನಶಂಕರಿಯ ಕಡೆಯ ಮೆಕ್ಯಾನಿಕ್ ಬೋರಣ್ಣ ಮೊದಲು ತಮ್ಮ ರೇಡಿಯೇಟರಿನಲ್ಲಿ ಸೋರಿಕೆ ಕಂಡುಹಿಡಿದು, ಸರ್ವಮಂಗಳೆಯಿಂದಲೇ ಒಂದು ಹಿಡಿ ಅರಿಶಿನದ ಪುಡಿ ಕೇಳಿ ತೆಗೆದುಕೊಂಡು ಅದರೊಳಗೆ ಸುರಿದ, ಸೋರಿಕೆ ನಿಂತಿತು. ಆಮೇಲೆ ಬಾನೆಟ್ಟಿನ ಹಿಂಬದಿಗೆ ದಾರ ಸುತ್ತುವ ಎರಡು ಮರದ ಉರುಳೆ ಸಿಕ್ಕಿಸಿ, ಒಳಗಿನ ಬಿಸಿಗಾಳಿ ಹೊರಗೆ ಹೋಗಲು ಎರಡು ಬೆರಳು ಸಂದು ಬಿಟ್ಟ. ಹೊಗೆ ಹೋಗುವ ಕೊಳವೆಗೆ ಬೆಂಕಿಗೂ ಸುಡದ ಕಲ್ನಾರಿನ ಹಗ್ಗ ಸುತ್ತಿದ. ಪೆಟ್ರೋಲ್ ಪಂಪಿನ ತಲೆಯ ಮೇಲೆ ಒದ್ದೆ ಗೋಣಿಚೀಲದ ತುಂಡು ಹೊದಿಸಿ, ಜ್ವರ ಬಂದವರ ಹಣೆಗೆ ಬಟ್ಟೆ ಹಾಕಿದಂತೆ ಪ್ರತಿ ಎರಡು ಮೈಲಿಗೂ ನೆನೆಸಬೇಕೆಂದು ಅಪ್ಪಣೆ ಮಾಡಿದ. ಇದನ್ನೆಲ್ಲ ನಾನು ಚಾಚೂ ತಪ್ಪದೆ ಪಾಲಿಸಿದೆ. ತಾವು ಮಾತ್ರ ಮೂರನೆಯ, ನಾಲ್ಕನೆಯ ಸಲಕ್ಕೆ ಮೊದಲಿಗಿಂತಲೂ ಜೋರಾಗಿ ಕುದಿದಿರಿ.

ಆಗ ನಾನು ತಮ್ಮನ್ನು ಅಹಂಕಾರಿ, ಮೈಗಳ್ಳ, ಪರದೇಶದ ದುರಭಿಮಾನಿ ಎಂದೆಲ್ಲ ಕರೆದದ್ದು ನಿಜ. ಆ ಮಾತುಗಳಲ್ಲಿ ಅರ್ಧವನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಹೋದ ತಿಂಗಳು ಬೋರಣ್ಣ ರೇಡಿಯೇಟರನ್ನು ಬಿಚ್ಚಿ ಬೋರಲು ಹಾಕಿದಾಗ ಅದರಿಂದ ಲೊಳಲೊಳನೆ ಕಪ್ಪು ಚುಕ್ಕೆಯ ಲೋಳೆ ಇಳಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಸ್ವಾಮಿ, ಇದ್ರೊಳಗೆ ಕಪ್ಪೆ ಮೊಟ್ಟೆ ಇಟ್ಟೈತೆ" ಎಂದ. ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳೆಯ ಮುಖ ಬಿಳಿಚಿಕೊಂಡಿತು. ಅದು ಕಪ್ಪೆಯ ಮೊಟ್ಟೆಯಲ್ಲ, ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ.

ವಿಷಯ ಇಷ್ಟೇ. ಬೋರಣ್ಣ ಅರಿಶಿನ ಹಾಕಿ ವಾಸಿ ಮಾಡಿದ್ದನ್ನು ನೋಡಿದ ಅವಳು, ಅಡುಗೆಮನೆಯ ಔಷಧಿ ತಮಗೆ ಹಿಡಿಸುತ್ತದೆಂದು ತಿಳಿದಳು. ಮೈಗೆ ಉಷ್ಣವಾದರೆ ನಮ್ಮ ಮನೆಯಲ್ಲಿ ಕಾಮಕಸ್ತೂರಿ ಬೀಜ ನೆನೆಸಿ ಕುಡಿಸುತ್ತಾರೆ, ಮೆಂತ್ಯದ ನೀರು ಕೊಡುತ್ತಾರೆ, ನೆತ್ತಿಗೆ ಹರಳೆಣ್ಣೆ ಇಡುತ್ತಾರೆ. ನಾನು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅವಳು ಷೆಡ್ಡಿಗೆ ಹೋಗಿ, ಮುಚ್ಚಳ ತೆಗೆದು, ದಿನಕ್ಕೊಂದು ಲೋಟದಂತೆ ತಮಗೆ ತಂಪು ಕುಡಿಸಿದ್ದಾಳೆ. ಮುಚ್ಚಳದ ಮೇಲೆ ಹರಳೆಣ್ಣೆಯನ್ನೂ ತಟ್ಟಿದ್ದಾಳೆ. "ಅಕ್ಕನ ಕಣ್ಣು ಹೋಗೋಷ್ಟರಲ್ಲಿ ಹೋಗ್ಬೇಕು ಅಂತ ಮಾಡಿದೆ ಕಣ್ರೀ, ನಾನೇ ದಾರಿ ಕಟ್ಟಿಹಾಕಿದೆ" ಎಂದು ಸೆರಗು ಬಾಯಿಗೆ ಹಿಡಿದು ಅತ್ತಳು. ಬೋರಣ್ಣ ಒಂದು ಬಕೆಟ್ ಲೋಳೆಯನ್ನು ನೋಡುತ್ತಾ, "ಮೆಂತ್ಯೆ ಆಗಿದ್ರೆ ಪರವಾಗಿರ್ಲಿಲ್ಲ ಅಮ್ಮಾವ್ರೆ" ಎಂದು ತನಗೆ ತೋಚಿದಂತೆ ಸಮಾಧಾನ ಹೇಳಿದ. ಅದನ್ನು ತೊಳೆಯಲು ಅವನಿಗೆ ಎರಡು ದಿನ ಹಿಡಿಯಿತು.

ಶಿವರಾತ್ರಿಯ ಮಾರನೆಯ ವಾರ ಐದನೆಯ ಸಲ ಹೊರಟೆವು. ತಾವು ಬನಶಂಕರಿಯನ್ನು ದಾಟಿದಿರಿ. ಸೊಣ್ಣಮ್ಮ ಕೊಡ ಹಿಡಿದು ರಸ್ತೆಯ ಮಧ್ಯಕ್ಕೇ ಬಂದವಳು, ನಾವು ನಿಲ್ಲದೆ ಹೋದದ್ದನ್ನು ಕಂಡು ಬಾಯಿಬಿಟ್ಟುಕೊಂಡು ನೋಡಿದಳು. ಸಾರಕ್ಕಿ ದಾಟಿ, ತಲಘಟ್ಟಪುರ ದಾಟಿ, ಕಗ್ಗಲೀಪುರದ ಏರನ್ನೂ ಹತ್ತಿ, ಹಬೆಯ ಒಂದು ಎಳೆಯನ್ನೂ ಬಿಡದೆ ತಾವು ಹಾರೋಹಳ್ಳಿಗೆ ತಂದಿಳಿಸಿದಿರಿ. ಅತ್ತಿಗೆ ಕಮಲಾದೇವಿಯವರು ಬಾಗಿಲಿಗೆ ಬಂದರು. ತಂಗಿಯ ಎರಡೂ ಕೆನ್ನೆ ಹಿಡಿದು, ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು, "ಮಂಗಳಾ, ಎಷ್ಟು ಬೆಳ್ಳಗಾಗಿದೆಯಲ್ಲೇ ಕೂದಲು!" ಎಂದರು. ಆ ಹೊತ್ತಿನಲ್ಲಿ ತಮ್ಮ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು.

ಆದರೆ ಕಾಫಿ ಲೋಟ ಬರಿದಾಗುವ ಮುಂಚೆಯೇ ಇಬ್ಬರಿಗೂ ಜಗಳ ಹತ್ತಿಕೊಂಡಿತು. ಆರು ವರ್ಷದ ಹಿಂದೆ ಅವರ ತಾಯಿ ಅದೇ ಮನೆಯಲ್ಲಿ ತೀರಿಕೊಂಡಾಗ ಸುದ್ದಿ ತಡವಾಗಿ ಮುಟ್ಟಿ, ಸರ್ವಮಂಗಳಾ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಮೇಲೆ ಅವಳು ಆ ಹೊಸಿಲು ತುಳಿದಿರಲಿಲ್ಲ. "ಒಂದು ತಂತಿ ಕೊಟ್ಟಿದ್ರೆ ಅಮ್ಮನ ಮುಖ ನೋಡ್ತಿದ್ದೆನಲ್ಲಕ್ಕ" ಎಂದು ಇವಳು. "ಅವತ್ತು ಮನೇಲಿ ನಾನೊಬ್ಬಳೇ ಇದ್ದೆ, ಅಮ್ಮನ್ನ ಬಿಟ್ಟು ತಂತಿ ಕೊಡೋಕೆ ಹೋಗ್ಲಾ?" ಎಂದು ಅವರು. ಮಾತಿಗೆ ಮಾತು ಬೆಳೆಯಿತು. ಇವಳು ಎದ್ದು ಬಂದು ಕಾರಿನಲ್ಲಿ ಕೂತು, "ರೀ, ಹೊರಡಿ, ಇನ್ನು ಈ ಮನೆಗೆ ಬರಲ್ಲ" ಎಂದಳು.

ತಮ್ಮ ದ್ರೋಹದ ಪರಮಾವಧಿ ಬಂದದ್ದು ಆಗ. ಬರುವಾಗ ಅಷ್ಟು ಮರ್ಯಾದೆಯಿಂದ ಬಂದ ತಾವು, ನಾನು ಒಳಗಿನಿಂದ ಚೀಲ ತಂದು, ಒಂದು ಸಲ ಬಾನೆಟ್ಟು ಎತ್ತಿ ನೋಡುವಷ್ಟರಲ್ಲಿ ಹೊಟ್ಟೆಯೊಳಗಿನ ನೀರನ್ನೆಲ್ಲ ಅಂಗಳಕ್ಕೆ ಬಿಟ್ಟಿದ್ದಿರಿ. ಬಾವಿಯಿಂದ ಸೇದಿ ಹೊಯ್ದ ನೀರೂ ಹಾಗೆಯೇ ಕೆಳಗಿಳಿದು ಹೋಯಿತು. ಬೋರಣ್ಣನೇ ಬರಬೇಕೆಂದು ಬಸ್ಸಿನವರ ಕೈಲಿ ಚೀಟಿ ಕಳಿಸಿದೆ. ಅವನು ಬಂದದ್ದು ಮೂರನೆಯ ದಿನ. ಅಲ್ಲಿಯವರೆಗೆ ಸರ್ವಮಂಗಳಾ ಏನು ಮಾಡಿಯಾಳು? ಮೊದಲ ದಿನ ಅಕ್ಕನ ಜೊತೆ ಮಾತಾಡದೆ ಅಕ್ಕಿ ಆರಿಸಿದಳು. ಎರಡನೆಯ ದಿನ, ಕಲ್ಲು ಕಾಣದೆ ಅಕ್ಕ ತಡಕಾಡುವುದನ್ನು ನೋಡಿ ಮೊರವನ್ನು ತನ್ನ ಕಡೆಗೆಳೆದುಕೊಂಡಳು. ಆಮೇಲೆ ತಾಯಿಯ ಕೊನೆಯ ದಿನಗಳ ಮಾತು ಬಂತು, ಅವರು ಯಾರ ಹೆಸರು ಹಿಡಿದು ಕರೆದರು ಎಂಬುದು ಬಂತು, ಇಬ್ಬರೂ ಅತ್ತರು. ಮೂರನೆಯ ಬೆಳಿಗ್ಗೆ ಅತ್ತಿಗೆಯವರು ತಂಗಿಯನ್ನು ಬಿಸಿಲಿಗೆ ಕೂರಿಸಿ, ಬಹಳ ಹೊತ್ತು ಮುಖ ನೋಡುತ್ತಿದ್ದರು. ಇಂಥ ಗಂಭೀರ ಅನನುಕೂಲಕ್ಕೆ ನಮ್ಮನ್ನು ಗುರಿಪಡಿಸಿದ ತಮ್ಮನ್ನು ನಾನು ಸಾರ್ವಜನಿಕವಾಗಿ ಖಂಡಿಸುತ್ತೇನೆ.

ಆದುದರಿಂದ ತಾವು ದಯಮಾಡಿ ಇನ್ನು ಮುಂದೆ ಕುದಿಯುವುದಿದ್ದರೆ ಒಂದು ವಾರ ಮುಂಚಿತವಾಗಿ ಲಿಖಿತ ನೋಟೀಸು ಕೊಡಬೇಕಾಗಿಯೂ, ಬೇಸಗೆ ಮೂರು ತಿಂಗಳು ಬಿಸಿಯನ್ನು ಹಿಡಿದಿಟ್ಟುಕೊಂಡು ಡಿಸೆಂಬರಿನಲ್ಲಿ ಸ್ನಾನದ ಮನೆಗೆ ಒದಗಿಸಬೇಕಾಗಿಯೂ, ಅಂಜನಮ್ಮನವರ ಸಂಡಿಗೆಯ ಸಲುವಾಗಿಯೇ ನಮ್ಮ ಕಾರು ನಿಂತಿದೆಯೆಂಬ ಅವರ ತಿಳಿವಳಿಕೆಯನ್ನು ತಾವೇ ಖುದ್ದಾಗಿ ತಿದ್ದಬೇಕಾಗಿಯೂ, ಸೊಣ್ಣಮ್ಮನಿಗೆ ಆದ ನಿರಾಶೆಗೆ ಕ್ಷಮೆ ಕೇಳಬೇಕಾಗಿಯೂ ಕೋರುತ್ತೇನೆ. ಇವುಗಳಲ್ಲಿ ಯಾವುದನ್ನೂ ತಾವು ಮಾಡುವುದಿಲ್ಲವೆಂದು ಗೊತ್ತಿದ್ದರೂ ಬರೆದಿದ್ದೇನೆ, ಕಚೇರಿಯ ಅಭ್ಯಾಸ.

ಇಷ್ಟಾದರೂ ಪ್ರತಿದಿನ ಬೆಳಿಗ್ಗೆ ತಮ್ಮ ಹೊಟ್ಟೆಗೆ ನೀರು ಹೊಯ್ಯುತ್ತಿರುವ,
ತಮ್ಮ ವಿಶ್ವಾಸಿ,
ಚನ್ನಬಸವಯ್ಯ

ತಾ.ಕ.: ನನ್ನ ಹೆಂಡತಿಗೆ ಸಹಿ ಕಂಡ ಮೇಲೆ ಮುಂದೆ ಓದುವ ಅಭ್ಯಾಸವಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಆ ದಿನ ಬಾನೆಟ್ಟು ಎತ್ತಿ, ರೇಡಿಯೇಟರಿನ ಕೆಳಗಿನ ರಬ್ಬರ್ ಕೊಳವೆಯ ಪಟ್ಟಿಯನ್ನು ಸಡಿಲಿಸಿದವನು ನಾನು. ಬೋರಣ್ಣ ಬಂದವನು ಅದನ್ನು ನೋಡಿ, ನನ್ನ ಮುಖವನ್ನೂ ನೋಡಿ, ಅರ್ಧ ನಿಮಿಷದಲ್ಲಿ ಬಿಗಿ ಮಾಡಿ, ಮಿಕ್ಕ ಎರಡು ಗಂಟೆ ಸುಮ್ಮನೆ ತಮ್ಮ ಕೆಳಗೆ ಮಲಗಿದ್ದ. ನಿನ್ನೆ ಏಕಾಂತಯ್ಯನ ಕಾರ್ಡು ಬಂದಿದೆ. ಅತ್ತಿಗೆಯವರಿಗೆ ಈಗ ಹಗಲು ಯಾವುದು, ರಾತ್ರಿ ಯಾವುದು ಎಂಬುದಷ್ಟೇ ತಿಳಿಯುತ್ತದಂತೆ. ಸರ್ವಮಂಗಳಾ ಅದನ್ನು ಎರಡು ಸಲ ಓದಿ, ಷೆಡ್ಡಿಗೆ ಬಂದು, ತಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು, "ಅವತ್ತು ನೀನು ಕೆಟ್ಟು ನಿಂತಿದ್ದು ದೊಡ್ಡ ಉಪಕಾರ ಆಯ್ತು ಕಣಪ್ಪ" ಎಂದು ಕಣ್ಣೊರೆಸಿಕೊಂಡಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನಗೆ ಅಂಥ ಮಾತು ಒಂದು ಸಲವೂ ಆಡಿದವಳಲ್ಲ. ನಾನು ಅಲ್ಲೇ ಪಕ್ಕದಲ್ಲಿ, ಗೋಣಿಚೀಲ ಹಿಂಡುತ್ತಾ ನಿಂತಿದ್ದೆ. ತಾವು ಆ ಮಾತನ್ನು ತಮ್ಮದೇ ಎಂಬಂತೆ ಗಪ್‌ಚುಪ್ಪಾಗಿ ಸ್ವೀಕರಿಸಿದಿರಿ.