ಟ್ಯಾಂಕ್ ದೊಡ್ಡದು, ನಲ್ಲಿ ಸಣ್ಣದು

ಮಾತ್ರೆ ನುಂಗಿ ನುಂಗಿ ಹೆಂಡತಿಗೆ ಬೆಳಗಾದರೆ ವಾಕರಿಕೆ. ಇನ್ನು ಮಕ್ಕಳು ಬೇಡ ಎಂದು ಒಪ್ಪಿದವರು ಗಂಡ ಹೆಂಡತಿ ಇಬ್ಬರೂ. ವಾಕರಿಕೆ ಮಾತ್ರ ಅವಳೊಬ್ಬಳ ಪಾಲಿಗೆ ಬಂದಿತ್ತು. ಡಾಕ್ಟರಮ್ಮ ಮಾತ್ರೆ ಬಿಡಿಸಿ, ಯೋನಿಯೊಳಗೆ ಇಟ್ಟುಕೊಳ್ಳುವ ಗರ್ಭನಿರೋಧಕ ರಿಂಗ್ ಬರೆದುಕೊಟ್ಟರು. ಅದರಲ್ಲಿ ಎರಡು ಬಗೆ: ತಿಂಗಳಿಗೊಂದು ಹೊಸದು ಬೇಕಾಗುವುದು, ವರ್ಷವಿಡೀ ಒಂದೇ ನಡೆಯುವುದು. ಯಾವುದರಲ್ಲಿ ವಾಕರಿಕೆ ತರುವ ಈಸ್ಟ್ರೋಜನ್ ಹಾರ್ಮೋನು ಕಡಿಮೆಯೋ ಅದನ್ನು ತನ್ನಿ ಎಂದಿದ್ದರು.

"ಸರಿಯಾಗಿ ನೋಡ್ಕೊಂಡು ತನ್ನಿ," ಎಂದಳು ಹೆಂಡತಿ, ಬಚ್ಚಲ ಬಾಗಿಲಿಗೆ ಒರಗಿ. "ಇದೂ ಹಿಡಿಸ್ಲಿಲ್ಲ ಅಂದ್ರೆ ಉಳಿದಿರೋದು ನಿಮ್ಮ ಆಪರೇಷನ್ ಒಂದೇ."

ಗಂಡ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದ. ಮಗಳಿಗೆ ಲಸಿಕೆ ಹಾಕಿಸಲು ಹೋಗಿ, ಸೂಜಿ ನೋಡಿ ತಾನೇ ಮೂರ್ಛೆ ಬಿದ್ದು, ಮಗಳ ಕೈಯಿಂದ ಗಾಳಿ ಬೀಸಿಸಿಕೊಂಡ ಗಂಡಸು ಆತ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಗೆ ನುಗ್ಗಿ, ಎರಡೂ ಡಬ್ಬಿಗಳ ಫೋಟೊ ತೆಗೆದುಕೊಂಡ. ಅವನ ಕೆಲಸ ನೀರಿನ ಟ್ಯಾಂಕ್ ಮಾರುವ ಅಂಗಡಿಯಲ್ಲಿ. ಒಬ್ಬರಿಗೆ ನೆಗಡಿಯಾದರೆ ಎಲ್ಲರೂ ಸೇರಿ ಸೀನುವ ಅಂಗಡಿ ಅದು. ಅವನು ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದಂತೆ ಬೆನ್ನ ಹಿಂದಿನಿಂದ ಮ್ಯಾನೇಜರ್ ಕತ್ತು ಚಾಚಿದರು, ಆಮೇಲೆ ಕ್ಯಾಷಿಯರಮ್ಮ, ಅವರ ಹಿಂದೆ ಡ್ರೈವರ್. ವಿಷಯ ಹೇಳದೆ ವಿಧಿಯಿರಲಿಲ್ಲ.

ಹಗಲೆಲ್ಲ ಲೀಟರಿನ ಲೆಕ್ಕದಲ್ಲೇ ಬದುಕುವ ಜನ. ಒಳಗೆ ಎಷ್ಟು ಹಿಡಿಯುತ್ತದೆ ಅನ್ನುವುದೊಂದೇ ಅವರಿಗೆ ಪ್ರಶ್ನೆ. ಮ್ಯಾನೇಜರ್ ಕನ್ನಡಕ ಏರಿಸಿ ತೀರ್ಪು ಕೊಟ್ಟರು.

"ವರ್ಷದ್ದರಲ್ಲಿ ತಿಂಗಳಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತುಂಬಿದಾರೆ ಕಣಯ್ಯ. ದೊಡ್ಡ ಟ್ಯಾಂಕು, ದೊಡ್ಡ ನೀರು. ಇದರಲ್ಲಿ ಯೋಚನೆ ಮಾಡೋದೇನಿದೆ?"

ಕ್ಯಾಷಿಯರಮ್ಮ ಹೌದೆಂದರು. ವರ್ಷದ್ದಕ್ಕೆ ವಾರಂಟಿ ಜಾಸ್ತಿಯಲ್ಲವೇ ಎಂದು ಡ್ರೈವರ್ ತಕರಾರು ತೆಗೆದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟದ ಬಿಡುವಿನಲ್ಲಿ ಗಂಡ ತಿಂಗಳಿನ ರಿಂಗ್ ಕೊಂಡು, ಬೀಗುತ್ತಾ ಹೆಂಡತಿಗೆ ಫೋಟೊ ಕಳಿಸಿದ. ತಕ್ಷಣ ಫೋನ್ ಬಂತು.

"ಒಳಗೆ ಎಷ್ಟಿದೆ ಅಂತಲ್ಲ ರೀ, ದಿನಕ್ಕೆ ಎಷ್ಟು ಬಿಡುತ್ತೆ ಅಂತ ನೋಡ್ಬೇಕು. ವರ್ಷದ್ದು ಟ್ಯಾಂಕ್ ದೊಡ್ಡದಾದ್ರೂ ನಲ್ಲಿ ಸಣ್ಣದು. ದಿನಕ್ಕೆ ಅದೇ ಸ್ವಲ್ಪ ಕಡಿಮೆ. ಟ್ಯಾಂಕ್ ಮಾರೋರಿಗೆ ಇದನ್ನೂ ನಾನೇ ಹೇಳ್ಬೇಕಾ? ಬದಲಾಯಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಬೆಳಗ್ಗೆ ಹೇಳಿದ್ದು ನೆನಪಿದೆಯಲ್ಲ."

ನೆನಪಿಲ್ಲದೆ ಏನು? ಕೆಲಸ ಮುಗಿದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿದ. ಔಷಧಿ ಅಂಗಡಿಯ ಗೋಡೆಯ ಮೇಲೆ, ಮಾರಿದ ಮಾಲು ವಾಪಸ್ ಇಲ್ಲ ಎಂಬ ಬೋರ್ಡು. ಅದರ ಕೆಳಗೆ ಬೋರ್ಡಿಗಿಂತ ಗಟ್ಟಿ ಮುಖದ ಯಜಮಾನಿ. ಬದಲಾಯಿಸಿಯೂ ಕೊಡುವುದಿಲ್ಲ, ವಾಪಸೂ ತೆಗೆದುಕೊಳ್ಳುವುದಿಲ್ಲ ಎಂದರು. ಇನ್ನೊಂದು ಕೊಳ್ಳಲು ಜೇಬಿನಲ್ಲಿ ಉಳಿದ ಕಾಸು ಸಾಲದು. ಹಿಂದೆ ಸಾಲು ಬೆಳೆದು ಗೊಣಗತೊಡಗಿತು. ಬೇಡವಾದದ್ದಕ್ಕೆ ಕಾರಣವಾದರೂ ಏನು ಎಂದು ಯಜಮಾನಿ ಕೇಳಿದಾಗ, ಅವನ ಬಾಯಿಂದ ತಾನಾಗಿ ಬಂತು:

"ಹೆಂಡ್ತಿ ಕಷ್ಟ ನೋಡೋಕಾಗ್ಲಿಲ್ಲ ಮೇಡಂ. ನಾನೇ ಆಪರೇಷನ್ ಮಾಡಿಸ್ಕೊತಾ ಇದೀನಿ. ಇನ್ನು ಇದು ಯಾಕೆ?"

ಸಾಲಿನಲ್ಲಿದ್ದ ಗಂಡಸರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಯಜಮಾನಿ ಕನ್ನಡಕ ತೆಗೆದು ಒರೆಸಿದರು. ಇಷ್ಟು ವರ್ಷ ಅಂಗಡಿ ನಡೆಸಿದರೂ ಒಬ್ಬ ಗಂಡಸಿನ ಬಾಯಲ್ಲಿ ಈ ಮಾತು ಕೇಳಿರಲಿಲ್ಲವಂತೆ. ಡಬ್ಬಿ ಒಳಗೆ ಹೋಯಿತು, ಹಣ ಹೊರಗೆ ಬಂತು. ಅಲ್ಲಿ ಮತ್ತೆ ರಿಂಗ್ ಕೇಳಲು ಮುಖವಿಲ್ಲದೆ, ಆತ ಊರಿನ ಆ ತುದಿಯ ಇನ್ನೊಂದು ಅಂಗಡಿಗೆ ನಡೆದು ವರ್ಷದ ರಿಂಗ್ ಕೊಂಡ. ಬೀಸುವ ದೊಣ್ಣೆ ತಪ್ಪಿತು ಎಂದು ಶಿಳ್ಳೆ ಹಾಕುತ್ತಾ ಮನೆಯ ಬೀದಿಗೆ ತಿರುಗಿದ.

ಮನೆ ತುಂಬಾ ಜನ. ನಡುವೆ ಕುರ್ಚಿಯಲ್ಲಿ ಎದುರುಮನೆ ಚಿಕ್ಕಮ್ಮ, ಮಡಿಲಲ್ಲಿ ಔಷಧಿ ಅಂಗಡಿಯ ಚೀಲ. ಸಾಲಿನಲ್ಲಿ ಇವನ ಬೆನ್ನ ಹಿಂದೆಯೇ ನಿಂತಿದ್ದರಂತೆ. ಹೆಂಡತಿಯ ಕಣ್ಣು ತುಂಬಿತ್ತು.

"ಬೆಳಗ್ಗೆ ಸುಮ್ನೆ ಹೆದರಿಸೋಕೆ ಅಂದೆ ಕಣ್ರೀ," ಎಂದಳು. "ನೀವು ಮನಸ್ಸಿಗೆ ಹಚ್ಚಿಕೊಂಡ್ಬಿಟ್ರಿ. ಡಾಕ್ಟರಮ್ಮನಿಗೆ ಫೋನ್ ಮಾಡ್ದೆ, ನಾಳೆ ಬೆಳಗ್ಗೆ ಬನ್ನಿ ಅಂದ್ರು. ನಿಮ್ಮ ಮ್ಯಾನೇಜರೂ ರಜೆ ಕೊಟ್ರು."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಕೈಹಿಡಿದು, ಮದುವೆಯಾದಾಗಿನಿಂದ ಇವತ್ತಿನಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ ಎಂದಳು. ಅವನಿಗೆ ವಾಕರಿಕೆ ಬಂದ ಹಾಗಾಯಿತು. ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆಗೆ ಡಬ್ಬಿಯೂ ಬಂದು ನೆಲಕ್ಕೆ ಬಿತ್ತು.

ಚಿಕ್ಕಮ್ಮ ಅದನ್ನು ಎತ್ತಿ, ತಿರುಗಿಸಿ ನೋಡಿ, ಅವನ ಕೈಗಿಟ್ಟರು.

"ಇದನ್ನೂ ವಾಪಸ್ ಕೊಟ್ಬಿಡಪ್ಪ. ಕಾರಣ ಹೇಳು, ತಗೋತಾರೆ."